‘ಇಲ್ಲ’ ಎನ್ನದ ಸರ್ವರ್

೨೦೧೮ ಜುಲೈ ೮, ಭಾನುವಾರ. ನನ್ನ ದಿನಚರಿಯ ಆ ಪುಟ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ.

“ಗುರುಗಳೇ, ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಮರ್ಯಾದೆ ಹೋಗುವುದಿಲ್ಲವೇ? ಅದಕ್ಕಿಂತ ಏನಾದರೊಂದು ಉತ್ತರ ಕೊಡುವುದು ವಾಸಿಯಲ್ಲವೇ?”

ಕೇಳಿದವಳು ನನ್ನ ಕಿರಿಯ ಸೊಸೆ ಮಹಾನಂದಾ. ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿಯಾಗಿ ಸೇರಿ ಆಗ ಒಂದು ತಿಂಗಳು. ಹಿಂದಿನ ದಿನ ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಗೆ ತನಗೆ ತಿಳಿಯದ ಉತ್ತರವನ್ನು ತಿಳಿದವಳಂತೆ ಹೇಳಿ ಬಂದಿದ್ದಳು. ಮನೆಯಲ್ಲಿ ಪುಸ್ತಕ ತೆರೆದು ನೋಡಿದಾಗ ಅದು ತಪ್ಪೆಂದು ತಿಳಿಯಿತು. ಸೋಮವಾರ ಅದೇ ತರಗತಿಯ ಮುಂದೆ ನಿಲ್ಲಬೇಕಿತ್ತು. ಭಾನುವಾರಗಳಂದು ನಮ್ಮ ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದ ಗುರುಸಿದ್ಧಯ್ಯನವರು ಅವಳಿಗೆ ನೇರ ಉತ್ತರ ಕೊಡಲಿಲ್ಲ. ಒಂದು ಕತೆ ಹೇಳಿದರು. ಅವರು ಹೇಳಿದಂತೆಯೇ ಬರೆದುಕೊಂಡಿದ್ದೇನೆ.

ಒಂದು ಪಟ್ಟಣದಲ್ಲಿ ಒಂದು ಧರ್ಮಾಸ್ಪತ್ರೆ ಇತ್ತು. ಬಸುರಿಯರನ್ನು ಕರೆತರಲು ಅದಕ್ಕೊಂದು ವ್ಯಾನು ಇತ್ತು. ಓಣಿ ಓಣಿ ಬಲ್ಲ ಹಳೆಯ ಚಾಲಕ ನಿವೃತ್ತನಾದ. ಅವನ ಜಾಗಕ್ಕೆ ಬಂದವನಿಗೆ ಊರು ಹೊಸದು. ಮನೆ ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ವಿಳಾಸ ಹೇಳಿದರೆ ನಕ್ಷೆಯ ಮೇಲೆ ಜಾಗ ತೋರಿಸುವ ಸರ್ವರ್ ಬೇಕೆಂದು ಆಸ್ಪತ್ರೆಯವರು ಒಬ್ಬ ಇಂಜಿನಿಯರ್ ಹೆಣ್ಣುಮಗಳನ್ನು ಕರೆಸಿದರು.

ಅವಳು ಅದನ್ನು ಕೊಳ್ಳಲಿಲ್ಲ. ಯಾರು ಬೇಕಾದರೂ ಇಳಿಸಿಕೊಂಡು ತಿದ್ದಿ ಬಳಸಬಹುದಾದ ಮುಕ್ತ ತಂತ್ರಾಂಶವನ್ನು ತೆಗೆದುಕೊಂಡಳು. ಜನರೇ ಸೇರಿ ಬರೆದ, ಯಾರು ಬೇಕಾದರೂ ಸೇರಿಸಬಹುದಾದ ನಕ್ಷೆಯನ್ನು ತೆಗೆದುಕೊಂಡಳು. ಆಸ್ಪತ್ರೆಯ ಹಳೆಯ ಕಂಪ್ಯೂಟರಿನಲ್ಲಿ ಎರಡನ್ನೂ ಕೂಡಿಸಿದಳು. ಇಡೀ ರಾಜ್ಯದ ನಕ್ಷೆಯನ್ನು ತುಂಬಲು ಹೋದಾಗ ಕಂಪ್ಯೂಟರ್ ತಾಳಲಾರದೆ ಅರ್ಧಕ್ಕೇ ನಿಂತಿತು. ಜಿಲ್ಲೆಯಷ್ಟನ್ನೇ ಬೇರೆ ಮಾಡಿ ಮತ್ತೆ ತುಂಬಿದಳು. ಮೂರನೆಯ ದಿನ ಆಸ್ಪತ್ರೆಯ ಹೆಸರು ಬರೆದು ನೋಡಿದಳು. ಚುಕ್ಕೆ ಸರಿಯಾಗಿ ಆಸ್ಪತ್ರೆಯ ಮೇಲೆ ಬಿತ್ತು.

ಆಸ್ಪತ್ರೆಯ ಅಧ್ಯಕ್ಷ ಒಬ್ಬ ವರ್ತಕ. ಅವನು ಒಂದೇ ಮಾತು ಹೇಳಿದ.

“ನಮ್ಮ ಅಂಗಡ್ಯಾಗ ಉಪ್ಪು ತೀರಿದ್ರೂ ಇಲ್ಲ ಅನ್ನೂದಿಲ್ಲವ್ವಾ, ತುಂಬೇತಿ ಅಂತೀವಿ. ನಿನ್ನ ಯಂತ್ರಾನೂ ಇಲ್ಲ ಅನ್ನಬಾರದು.”

ಇಂಜಿನಿಯರಿಗೆ ಆ ಮಾತು ಹಿಡಿಸಿತು. ತಾನು ನಿಲ್ಲಿಸಿದ ಸರ್ವರ್ ಉತ್ತರ ತಿಳಿಯದೆ ನಿಂತರೆ ತನ್ನ ಓದಿಗೇ ಕುಂದು ಎಂದು ಅವಳಿಗೂ ಅನ್ನಿಸಿತ್ತು. ಓಣಿ ಸಿಗದಿದ್ದರೆ ವಾರ್ಡಿನ ನಡುವನ್ನು ತೋರಿಸು, ವಾರ್ಡೂ ತಿಳಿಯದಿದ್ದರೆ ಊರಿನ ನಡುವನ್ನು ತೋರಿಸು ಎಂದು ಅದಕ್ಕೆ ವಿಧಿಸಿದಳು. ಆ ಊರಿನ ನಟ್ಟನಡುವೆ ಇದ್ದದ್ದು ಕೆರೆ.

ಹದಿನೈದು ದಿನ ಕಳೆಯಿತು. ಸಭೆಯಲ್ಲಿ ಅವಳು ಎದ್ದು ನಿಂತು, ನಲವತ್ತೊಂದು ವಿಳಾಸ ಕೇಳಿದರು, ಒಂದಕ್ಕೂ ಉತ್ತರ ತಪ್ಪಲಿಲ್ಲ ಎಂದು ಓದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಾಲಕನೂ ತಟ್ಟಿದ. ಅವನು ಎಷ್ಟೋ ಸಲ ಕೆರೆಯ ಏರಿಯ ಮೇಲೆ ನಿಂತು ಹೋಗಿಬರುವವರನ್ನು ದಾರಿ ಕೇಳಿದ್ದ. ಹೊಸಬ, ಊರು ತಿಳಿಯದವನು ಎಂದಾರೆಂದು ಬಾಯಿ ಬಿಟ್ಟಿರಲಿಲ್ಲ.

ಮರುದಿನ ಮಧ್ಯಾಹ್ನ ಒಬ್ಬ ನೇಕಾರ ಫೋನು ಮಾಡಿದ. ಹೆಂಡತಿಗೆ ನೋವು ಶುರುವಾಗಿದೆ, ಮನೆ ಬಣ್ಣದ ಹೊಂಡದ ಓಣಿಯಲ್ಲಿದೆ ಎಂದ. ಆ ಓಣಿಯ ಹೆಸರು ಅಲ್ಲಿಯವರ ಬಾಯಲ್ಲಿತ್ತು, ನಕ್ಷೆಯಲ್ಲಿ ಇರಲಿಲ್ಲ. ಸರ್ವರ್ ತಡಮಾಡದೆ ಚುಕ್ಕೆ ತೋರಿಸಿತು. ವ್ಯಾನು ಹೊರಟಿತು. ಸ್ವಲ್ಪ ಹೊತ್ತಿಗೆ ಚಾಲಕ ನೇಕಾರನಿಗೆ ಫೋನು ಮಾಡಿದ.

“ಎಲ್ಲದೀಯೋ ಮಾರಾಯಾ? ನಾ ಬಂದು ನಿಂತೀನಿ.”

“ಮನಿ ಮುಂದನ ಅದೀನಿ ಅಣ್ಣಾ. ನೀ ಎಲ್ಲದೀ?”

“ಕೆರಿ ಏರಿ ಮ್ಯಾಲ. ಯಂತ್ರ ಇನ್ನೂ ಮುಂದ ಹೋಗು ಅನ್ನಾಕತ್ತೈತಿ.”

“ಮುಂದ ನೀರ ಐತಲ್ಲೋ ಅಣ್ಣಾ! ನಾ ಏನ್ ಮೀನಾ?”

ನೇಕಾರ ಕಾಯಲಿಲ್ಲ. ನೂಲು ಸಾಗಿಸುವ ತಳ್ಳುಗಾಡಿಯಲ್ಲಿ ಹೆಂಡತಿಯನ್ನು ಮಲಗಿಸಿ ಆಸ್ಪತ್ರೆಯ ಕಡೆಗೆ ತಳ್ಳಿದ. ನಡುದಾರಿಯಲ್ಲಿ, ಜೊತೆಗೆ ಬಂದಿದ್ದ ನೆರೆಮನೆಯ ಮುದುಕಿಯ ಕೈಯಲ್ಲಿ ಹೆರಿಗೆಯಾಯಿತು. ತಾಯಿಯ ಮೈಯಿಂದ ಬಹಳ ರಕ್ತ ಹೋಯಿತು. ಆದರೂ ಇಬ್ಬರೂ ಉಳಿದರು.

ಇಂಜಿನಿಯರ್ ಆ ಸಂಜೆಯೇ ಸರ್ವರಿನ ದಾಖಲೆ ತೆಗೆದು ಒಂದೊಂದೇ ಸಾಲು ನೋಡಿದಳು. ನಲವತ್ತೆರಡರಲ್ಲಿ ಹನ್ನೊಂದು ಉತ್ತರಗಳ ಅಕ್ಷಾಂಶ ಒಂದೇ, ರೇಖಾಂಶ ಒಂದೇ. ಹನ್ನೊಂದು ಬಸುರಿಯರ ಮನೆಗಳನ್ನು ಅವಳು ಕೆರೆಯ ನೀರಿನಲ್ಲಿ ಕಟ್ಟಿದ್ದಳು. ನಡುವನ್ನು ತೋರಿಸು ಎಂಬ ವಿಧಿಯನ್ನು ಅಳಿಸಿಹಾಕಿದಳು. ಆ ಜಾಗದಲ್ಲಿ, ‘ಈ ಜಾಗ ನನಗೆ ಗೊತ್ತಿಲ್ಲ. ಗೊತ್ತಿದ್ದವರು ತೋರಿಸಿಕೊಡಿ’ ಎಂದು ಬರೆದಳು. ಬರೆಯುವಾಗ ಅವಳ ಕಿವಿ ಬಿಸಿಯಾಗಿತ್ತು.

ವರ್ತಕ ಮುನಿಸಿಕೊಂಡ. ಊರಿನವರು ನಕ್ಕರು. ದಡ್ಡ ಯಂತ್ರ ತಂದಿದ್ದಾರೆ ಎಂದರು. ಆದರೆ ಸರ್ವರ್ ಗೊತ್ತಿಲ್ಲ ಎಂದಾಗ, ಆಸ್ಪತ್ರೆಯಲ್ಲಿ ಫೋನು ಹಿಡಿದವರು ಹತ್ತಿರದ ಗುಡಿಯನ್ನೋ ಶಾಲೆಯನ್ನೋ ಕೇಳಿ, ಅಲ್ಲಿ ಒಬ್ಬರನ್ನು ನಿಲ್ಲಿಸಲು ಹೇಳತೊಡಗಿದರು. ವ್ಯಾನು ಅಲ್ಲಿಗೆ ಹೋಗಿ ಮುಟ್ಟಿತು. ಚಾಲಕ ಬಂದು ಆ ಓಣಿಯನ್ನು ನಕ್ಷೆಗೆ ಸೇರಿಸಿದ.

ಅಮಾವಾಸ್ಯೆಗೆ ಮಗ್ಗಗಳಿಗೆ ಬಿಡುವು. ಆ ದಿನ ನೇಕಾರ ತಾನಾಗಿ ಆಸ್ಪತ್ರೆಗೆ ಬಂದ. ಬೈಯಲು ಬಂದನೆಂದು ಇಂಜಿನಿಯರ್ ಎದ್ದು ನಿಂತಳು. ಅವನು, “ಬರ್ರಿ ಅಕ್ಕಾರ, ನಮ್ಮ ಓಣಿ ತೋರಸ್ತೀನಿ” ಎಂದ. ಒಂದು ಓಣಿ ತೋರಿಸಲು ಬಂದವನು ಅವತ್ತು ಒಂಬತ್ತು ಓಣಿ ನಡೆಸಿದ. ಮುಂದಿನ ಅಮಾವಾಸ್ಯೆಗೆ ಹಾಲು ಹಾಕುವವಳೂ ಜೊತೆಗೆ ಬಂದಳು. ಆಮೇಲೆ ಕುಂಬಾರ ಬಂದ. ನಕ್ಕವರೂ ತಮ್ಮ ಓಣಿ ಬಿಟ್ಟುಹೋಗಿದೆ ಎಂದು ಹುಡುಕಿಕೊಂಡು ಬಂದರು. ವರ್ಷ ತುಂಬುವ ಹೊತ್ತಿಗೆ ಸರ್ವರ್ ಗೊತ್ತಿಲ್ಲ ಎನ್ನುವುದು ತಿಂಗಳಿಗೆ ಒಂದೋ ಎರಡೋ ಸಲ.

ಗುರುಗಳು ಕತೆ ನಿಲ್ಲಿಸಿದರು. ಒಟ್ಟು ಏನು ತಗುಲಿತು ಎಂದು ನಾನು ಕೇಳಿದೆ.

“ಕಂಪ್ಯೂಟರ್ ಹಳೆಯದು. ತಂತ್ರಾಂಶಕ್ಕೂ ನಕ್ಷೆಗೂ ಬೆಲೆಯಿಲ್ಲ. ನೇಕಾರನ ಹನ್ನೆರಡು ಅಮಾವಾಸ್ಯೆಯ ಬಿಡುವು ಹೋಯಿತು. ಅವನ ಹೆಂಡತಿ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ.”

“ಆ ಇಂಜಿನಿಯರಿನ ಮರ್ಯಾದೆ?” ಎಂದಳು ಮಹಾನಂದಾ.

“ಅದರಲ್ಲಿ ಮಾತ್ರ ಏನೂ ಖರ್ಚಾಗಲಿಲ್ಲ, ಅವ್ವಾ.”

ಮಹಾನಂದಾ ಎದ್ದು ಹೋಗಿ, ನಾಳೆಯ ತರಗತಿಗೆಂದು ಆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.