ಸೀಳಿಲ್ಲದ ಗೊರಸು

ಶಿಷ್ಯ ಕೇಳಿದ: ‘ಗುರುಗಳೇ, ಚಿತ್ರ ಬರೆಯುವ ಯಂತ್ರವೊಂದು ನಿಮ್ಮ ಚಿತ್ರಗಳನ್ನೆಲ್ಲ ನೋಡಿ ಈಗ ನಿಮ್ಮಂತೆಯೇ ಬರೆಯುತ್ತಿದೆ. ಇದು ಕಳವು ಎಂದು ಕಲಾವಿದರು ಕೂಗುತ್ತಿದ್ದಾರೆ. ನಾನೂ ನಿಮ್ಮ ಚಿತ್ರಗಳನ್ನು ನೋಡಿಯೇ ಕಲಿತೆ. ಅದರದು ಕಳವಾದರೆ ನನ್ನದು ವಿದ್ಯೆ ಹೇಗಾಯಿತು?’

ಗುರು ಹೇಳಿದರು:

ಒಬ್ಬ ಶಿಲ್ಪಿ ಇದ್ದ. ಕಲ್ಲಿನಲ್ಲಿ ಬಸವನನ್ನು ಕೆತ್ತುವುದೊಂದೇ ಅವನ ಕೆಲಸ. ಅವನು ಕೆತ್ತಿದ ಬಸವ ಈಗ ಎದ್ದೀತು, ಈಗ ಮೆಲುಕು ಹಾಕೀತು ಎಂಬಂತಿರುತ್ತಿತ್ತು.

ಒಬ್ಬ ವ್ಯಾಪಾರಿ ಬಂದ. ಶಿಲ್ಪಿಯನ್ನು ಕೇಳದೆಯೇ ಅವನ ಅಂಗಳದ ಬಸವಗಳನ್ನೆಲ್ಲ ತನ್ನ ಯಂತ್ರಕ್ಕೆ ತೋರಿಸಿದ. ಯಂತ್ರ ದಿನಕ್ಕೆ ನೂರು ಬಸವಗಳನ್ನು ಕೆತ್ತಿತು. ಶಿಲ್ಪಿಯ ಅಂಗಳಕ್ಕೆ ಜನ ಬರುವುದು ನಿಂತಿತು. ಅವನು ವ್ಯಾಪಾರಿಯ ಬಾಗಿಲಿಗೆ ಹೋಗಿ ನ್ಯಾಯ ಕೇಳಿದ.

‘ನಾನೇನು ಹೊತ್ತೊಯ್ದೆನೇನಯ್ಯ? ನಿನ್ನ ಕಲ್ಲು ನಿನ್ನ ಅಂಗಳದಲ್ಲೇ ಇದೆ. ನೋಡಿದ್ದಕ್ಕೂ ಸುಂಕವೇ?’ ಎಂದು ವ್ಯಾಪಾರಿ ನಕ್ಕ.

ಶಿಲ್ಪಿ ಮನೆಗೆ ಬಂದು ಉಳಿ ಕೆಳಗಿಟ್ಟ. ಮತ್ತೆ ಎತ್ತಲಿಲ್ಲ.

ದೂರದ ಪಟ್ಟಣದವರು ಹೊಸ ಗುಡಿಗೆ ಆಳೆತ್ತರದ ಬಸವ ಬೇಕೆಂದು ಮಾದರಿ ಕೇಳಿದರು. ವ್ಯಾಪಾರಿ ಯಂತ್ರದ ಬಸವನನ್ನು ತಂದ. ಶಿಲ್ಪಿಯ ಶಿಷ್ಯೆ ತಾನು ಕೆತ್ತಿದ್ದನ್ನು ತಂದಳು. ನೋಡುವವರಿಗೆ ಎರಡೂ ಒಂದೇ. ಬೇಗ ಆಗುವುದೇ ಆಗಲಿ ಎಂದು ಹಿರಿಯರು ಹೇಳುವಷ್ಟರಲ್ಲಿ ದನಗಾಹಿಯೊಬ್ಬ ಬಗ್ಗಿ ನೋಡಿದ.

‘ಏನು ಸಾಹುಕಾರರೇ, ನಿಮ್ಮದರ ಹಿಂಗಾಲಿನ ಗೊರಸಿಗೆ ಸೀಳೇ ಇಲ್ಲವಲ್ಲ! ಮುಂದೆ ಬಸವ, ಹಿಂದೆ ಕತ್ತೆಯೇ?’

ವ್ಯಾಪಾರಿ ತನ್ನ ಬಸವಗಳನ್ನೆಲ್ಲ ನೆನೆದ. ಒಂದಕ್ಕೂ ಸೀಳಿರಲಿಲ್ಲ. ‘ಅದು ಶಾಸ್ತ್ರ’ ಎಂದ.

ಶಿಷ್ಯೆಯ ಬಸವನಿಗೆ ಸೀಳಿತ್ತು. ‘ಶಾಸ್ತ್ರವಲ್ಲ, ಗಾಯ’ ಎಂದಳು ಅವಳು. ‘ನನ್ನ ಗುರುವಿನ ಹೆಬ್ಬೆರಳು ಮುರಿದು ಕೂಡಿದ್ದು. ಉಳಿ ಆ ಮೂಲೆಗೆ ತಿರುಗುವುದಿಲ್ಲ. ನಿಮ್ಮ ಬಸವನ ಗೊರಸೇಕೆ ಹೀಗೆ ಎಂದು ನಾನು ಕೇಳಿದೆ. ನಿನ್ನ ಬೆರಳು ನೆಟ್ಟಗಿದೆಯಲ್ಲ, ನೀನು ಸೀಳು ಎಂದರು.’

ಹಿರಿಯರು ಕೆಲಸವನ್ನು ಅವಳಿಗೊಪ್ಪಿಸಿದರು. ಅವಳು ನೇರವಾಗಿ ಶಿಲ್ಪಿಯ ಬಳಿ ಹೋದಳು. ‘ಏಳಿ ಅಯ್ಯಾ, ಮುಖ ನಿಮ್ಮದು, ಗೊರಸು ನನ್ನದು’ ಎಂದಳು.

ಕತೆ ಕೇಳಿ ಶಿಷ್ಯನ ಮುಖ ಅರಳಿತು. ‘ಹಾಗಾದರೆ ನನ್ನದು ವಿದ್ಯೆಯೇ!’ ಎಂದ.

ಗುರು ಹೇಳಿದರು: ‘ನನ್ನ ಚಿತ್ರಗಳಲ್ಲಿ ತಪ್ಪು ಎಲ್ಲಿದೆ ಎಂದು ನೀನು ಇದುವರೆಗೆ ಒಮ್ಮೆಯೂ ಕೇಳಿಲ್ಲ.’