ಪುಟಕ್ಕೆ ಹಿಡಿಸದ ಸೊಲ್ಲು

"ಗುರುಗಳೇ, ಕಟ್ಟಳೆ ಎಂದ ಮೇಲೆ ಎಲ್ಲರಿಗೂ ಒಂದೇ ಅಲ್ಲವೇ? ಒಬ್ಬರಿಗೆಂದು ಸಡಿಲಿಸಿದರೆ ಅದು ಕಟ್ಟಳೆ ಹೇಗಾದೀತು?" ಎಂದು ಶಿಷ್ಯ ಕೇಳಿದ. ಹೊತ್ತು ಮೀರಿ ಬಂದ ಮುದುಕನೊಬ್ಬನನ್ನು ಅವನು ಆಗಷ್ಟೇ ಮಠದ ಊಟದ ಮನೆಯ ಬಾಗಿಲಿನಿಂದ ಹಿಂದಕ್ಕೆ ಕಳಿಸಿ ಬಂದಿದ್ದ.

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಪುಟ ಕಟ್ಟುವವನಿದ್ದ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಪುಸ್ತಕದ ಪುಟ ಜೋಡಿಸುವುದು ಅವನ ಕಸುಬು. ಹಾಳೆ ಎಷ್ಟಗಲ, ಸುತ್ತ ಎಷ್ಟು ಅಂಚು, ತಲೆಯಲ್ಲಿ ಏನು, ಅಡಿಯಲ್ಲಿ ಏನು ಎಂದು ಒಮ್ಮೆ ಬರೆದಿಟ್ಟರೆ ಸಾಕು, ಎಲ್ಲ ಪುಟಗಳೂ ಅದೇ ಅಚ್ಚಿನಲ್ಲಿ ಬಂದು ಬೀಳುತ್ತಿದ್ದವು. ಅಚ್ಚುಕಟ್ಟು ಎಂದರೆ ಅವನಿಗೆ ಪ್ರಾಣ.

ಊರ ಹೆಂಗಸರ ಮದುವೆ ಹಾಡುಗಳನ್ನು ಪುಸ್ತಕ ಮಾಡಿಸಲು ಒಬ್ಬ ವರ್ತಕ ಮುಂದೆ ಬಂದ. ಹಾಡುಗಳು ಪೂರ್ತಿ ಬರುತ್ತಿದ್ದುದು ಒಬ್ಬ ಮುದುಕಿಗೆ ಮಾತ್ರ. ಅವಳು ಹಾಡಿದಳು, ಇವನು ಬರೆದುಕೊಂಡ. ಹಾಡಿಗೊಂದು ಪುಟ, ಪುಟದ ತಲೆಯಲ್ಲಿ ವರ್ತಕನ ಹೆಸರು, ಅಡಿಯಲ್ಲಿ ಅವನ ಅಂಗಡಿಯ ಚಿತ್ರ. ಮಗಳನ್ನು ಒಪ್ಪಿಸಿಕೊಡುವ ಹಾಡೊಂದನ್ನು ಬಿಟ್ಟು ಎಲ್ಲವೂ ಸರಿಹೊಂದಿತು. ಅದರ ಕೊನೆಯ ಸೊಲ್ಲು ಮುಂದಿನ ಪುಟಕ್ಕೆ ಜಾರಿತು. ಒಂದು ಸೊಲ್ಲಿಗೆ ಒಂದು ಪುಟ ಕೊಡುವುದೇ? ಈ ಪುಟದಿಂದಷ್ಟೇ ಅಂಗಡಿಯ ಚಿತ್ರ ತೆಗೆದುಹಾಕುವುದೇ? ಎರಡೂ ಅವನ ಕಣ್ಣಿಗೆ ಚುಚ್ಚಿದವು. ಸೊಲ್ಲನ್ನೇ ಅಳಿಸಿದ.

ಪುಸ್ತಕ ಬಂದಾಗ ಮುದುಕಿ ಓದಿಸಿ ಕೇಳಿದಳು. "ಅಲ್ಲಪ್ಪಾ, 'ತಾಳಿಕೊಂಡು ಬಾಳು ಮಗಳೇ' ಅನ್ನೋದಕ್ಕೇ ನಿಂತೋಗೈತಲ್ಲ. ತವರಿನ ಬಾಗ್ಲು ತೆರೆದೇ ಇರ್ತದೆ ಅನ್ನೋ ಸೊಲ್ಲು ಎಲ್ಲಿ? ಇಲ್ಲಿಗೇ ನಿಂತ್ರೆ ಮಗಳನ್ನ ಆಚೆ ಕಳಿಸಿ ಕದ ಹಾಕ್ಕೊಂಡಂಗಾಯ್ತು."

"ಪುಟದಲ್ಲಿ ಹಿಡಿಸಲಿಲ್ಲ ಅಜ್ಜಿ. ಮುಂದಿನ ಸಲ ಅಚ್ಚು ಹಾಕಿಸುವಾಗ ನೋಡೋಣ."

"ಅಂಗಡಿ ಹಿಡಿಸ್ತಲ್ಲಪ್ಪ" ಎಂದು ಮುದುಕಿ ಎದ್ದು ಹೋದಳು.

ಆ ಮುಂದಿನ ಸಲ ಬರಲೇ ಇಲ್ಲ. ಮುದುಕಿ ತೀರಿಕೊಂಡಳು. ಪುಸ್ತಕ ಮನೆಮನೆಗೆ ಹೋಯಿತು. ಹಾಡು ಅರೆಬರೆ ಬರುತ್ತಿದ್ದವರೂ ಅಚ್ಚಾದದ್ದೇ ಸರಿ ಎಂದುಕೊಂಡರು.

ಕಾಲ ಕಳೆದು ಪುಟ ಕಟ್ಟುವವನ ಮಗಳ ಮದುವೆಯಾಯಿತು. ಒಪ್ಪಿಸಿಕೊಡುವ ಹೊತ್ತಿಗೆ ಹೆಂಗಸರು ಪುಸ್ತಕ ತೆರೆದು ಹಾಡಿದರು. ತಾಳಿಕೊಂಡು ಬಾಳು ಎಂದು ಮುಗಿಸಿ ಮುಚ್ಚಿಟ್ಟರು. ಅವನು ಇನ್ನೊಂದು ಸೊಲ್ಲಿದೆ ಎನ್ನಹೋದ; ಅದರ ಒಂದು ಪದವೂ ನೆನಪಾಗಲಿಲ್ಲ. ಹಾಡು ಬೇಡ, ಮಗಳ ಕಿವಿಯಲ್ಲಿ ಬರಿಮಾತಿನಲ್ಲೇ ಹೇಳಬಹುದಿತ್ತು. ಹತ್ತು ಜನರ ನಡುವೆ ನಾಲಿಗೆ ಏಳಲಿಲ್ಲ, ಪಾಪಿಗೆ.

ಗಂಡನ ಮನೆಯಲ್ಲಿ ಅವಳಿಗೆ ಸುಖವಿರಲಿಲ್ಲ. ಹಾಡು ಹೇಳಿದಂತೆ ತಾಳಿಕೊಂಡಳು. ತಿರುಗಿ ಬರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಪ್ಪನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿಯಾಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದ ಶಿಷ್ಯ, ತಗ್ಗಿದ ದನಿಯಲ್ಲಿ.

"ಆಮೇಲೇನು? ಆ ಪುಸ್ತಕದಲ್ಲಿ ಇಂದಿಗೂ ಎಲ್ಲ ಪುಟಗಳೂ ಒಂದೇ ಸಮ ಇವೆ."