ಹೊಸ ಡೆಸ್ಕ್‌ಟಾಪಿಗೆ ಹಾತೊರೆದ ಕಂಪ್ಯೂಟರ್

ರತ್ನಮಾಲಾಳ ಮುದ್ರಣದಂಗಡಿಯಲ್ಲಿ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ ಕಂಪ್ಯೂಟರ್ ಒಂದಿತ್ತು. ಪರದೆಯ ಮೇಲೆ ಚಿತ್ರ, ಗುಂಡಿಗಳನ್ನು ತೋರಿಸುವ ಡೆಸ್ಕ್‌ಟಾಪೇ ಅದರ ಉಡುಪು; ಯಾವುದನ್ನು ತೊಡಿಸಿದರೂ ನಾಲ್ಕೇ ದಿನಕ್ಕೆ ಅದಕ್ಕೆ ಮೈ ಕಡಿತ ಶುರುವಾಗುತ್ತಿತ್ತು.

ಒಂದು ಬೆಳಿಗ್ಗೆ ಅದು, ಅಕ್ಷರದಲ್ಲಿ ಬರೆದ ಅಪ್ಪಣೆಗಳನ್ನು ನಡೆಸಿಕೊಡುವ ಟರ್ಮಿನಲ್ ಎಂಬ ಕಪ್ಪು ಕಿಟಕಿಗೆ, “ಅಣ್ಣ, ಹೊಸ ಡೆಸ್ಕ್‌ಟಾಪ್ ಬಂದಿದೆಯಂತೆ, ಇಳಿಸು. ಇದನ್ನು ಈಗಲೇ ಕಿತ್ತುಹಾಕು,” ಎಂದಿತು.

“ಹೊಸದು ಪೂರ್ತಿ ಇಳಿಯಲಿ, ಆಮೇಲೆ ಹಳೆಯದನ್ನು ತೆಗೆಯೋಣ. ಮಗಳ ಲಗ್ನಪತ್ರಿಕೆ ಮಾಡಿಸಲು ರುದ್ರಗೌಡರು ಹತ್ತು ಗಂಟೆಗೆ ಬರುತ್ತಾರೆ.”

“ಅಲ್ಲಿಯವರೆಗೆ ಈ ಹಳತನ್ನು ಹೊತ್ತು ಕೂರಲೇ? ನಿನಗೇನು ಗೊತ್ತು, ಹುಟ್ಟಿದಾಗಿನಿಂದ ಒಂದೇ ಕರಿ ಅಂಗಿ.”

“ಒಂದೇ ಆದರೂ ಮೈಮೇಲಿದೆ,” ಎಂದಿತು ಟರ್ಮಿನಲ್. ಆದರೆ ಅಪ್ಪಣೆ ಮೀರುವುದು ಅದರ ಜಾಯಮಾನವಲ್ಲ, ಹಳೆಯದನ್ನು ಅಳಿಸಿತು.

ಹೊಸದು ಅರ್ಧ ಇಳಿಯುವಷ್ಟರಲ್ಲಿ ಇಂಟರ್ನೆಟ್ ಹೋಯಿತು. ಪರದೆಯಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ; ಕಪ್ಪಿನ ಮೇಲೆ ಬಿಳಿ ಗೆರೆಯೊಂದು ಮಿಣುಕುತ್ತಿತ್ತು. ಅಷ್ಟರಲ್ಲಿ ಗೌಡರು ಬಂದೇಬಿಟ್ಟರು.

“ಅಣ್ಣ, ನೀನಾದರೂ ಒಡತಿಯ ಹತ್ತಿರ ಮಾತಾಡು,” ಎಂದು ಕಂಪ್ಯೂಟರ್ ಅಂಗಲಾಚಿತು.

“ನನ್ನ ಭಾಷೆ ಅವಳು ಕಲಿತಿಲ್ಲ.”

ರತ್ನಮಾಲಾ ಮೌಸ್ ಆಡಿಸಿದಳು, ತಟ್ಟಿದಳು, ಬೈದಳು. ಗೌಡರು ಹತ್ತು ನಿಮಿಷ ಕಾದು, “ಮುಹೂರ್ತ ನನಗೋಸ್ಕರ ಕಾಯೋದಿಲ್ಲ ತಾಯಿ,” ಎಂದು ಪತ್ರಿಕೆಯ ಬರಹ ತುಂಬಿ ತಂದಿದ್ದ ಪೆನ್‌ಡ್ರೈವ್ ತೆಗೆದುಕೊಂಡು ಎದುರಿನ ಅಂಗಡಿಗೆ ನಡೆದರು.

ಮಧ್ಯಾಹ್ನ ಇಂಟರ್ನೆಟ್ ಬಂತು. ಹೊಸ ಡೆಸ್ಕ್‌ಟಾಪ್ ಪೂರ್ತಿ ಇಳಿದು ಥಳಥಳಿಸಿತು. ನೋಡಲು ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ರತ್ನಮಾಲಾ ಬಾಗಿಲಲ್ಲಿ ನಿಂತು, ಎದುರಿನ ಅಂಗಡಿಯಿಂದ ಹೊರಬರುತ್ತಿದ್ದ ಲಗ್ನಪತ್ರಿಕೆಗಳ ಕಟ್ಟನ್ನೇ ನೋಡುತ್ತಿದ್ದಳು.

ಕಂಪ್ಯೂಟರ್ ತನ್ನ ಹೊಸ ಉಡುಪನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿಕೊಂಡಿತು. ಆಮೇಲೆ ಮೆಲ್ಲಗೆ, “ಅಣ್ಣ, ಇದರ ಮುಂದಿನದು ಯಾವಾಗ ಬರುತ್ತದೆ?” ಎಂದು ಕೇಳಿತು.